ಸೊನ್ನೆಯಲ್ಲ, ಗೀಟು

14 ನವೆಂಬರ್ 1980, ಬೆಳಿಗ್ಗೆ. ಅಮೃತೂರು

ಮಗ ಶಿವರಾಮಯ್ಯ ಇವತ್ತೂ ಎಂಟೂವರೆಗೆ ಸರ್ಕಾರಿ ಬಂಗಲೆ ಐ.ಬಿ.ಯ ಅಂಗಳದ ಮಳೆಮಾಪಕ ನೋಡಿ ಬಂದ. ಹನಿಯೂ ಇಲ್ಲ. ಸೊನ್ನೆ ಬರೆದ. ಸೊನ್ನೆ ಬರೆಯುವುದಕ್ಕೂ ಸರ್ಕಾರ ಸಂಬಳ ಕೊಡುತ್ತದೆ!

ಸೊಸೆ ವನಜಮ್ಮನಿಗೆ ದಿನ ತುಂಬುತ್ತಿದೆ. ದಾರಿಯ ಹಳ್ಳ ತುಂಬುವ ಮೊದಲೇ ಕುಣಿಗಲ್ ಆಸ್ಪತ್ರೆಗೆ ಸೇರಿಸು ಎಂದರೆ ಸರಾಸರಿ ಹೇಳುತ್ತಾನೆ.

"ಅವ್ವಾ, ದಿನದ್ದೆಲ್ಲಾ ಕೂಡಿದ್ರೆ ತಿಂಗಳ ಮಳೆ. ಹಿಂದಿನ ಮೂವತ್ತು ವರ್ಷದ ನವೆಂಬರ್ ಕೂಡಿ, ಮೂವತ್ತರಿಂದ ಭಾಗಿಸಿದ್ರೆ ಸರಾಸರಿ. ಕಮ್ಮಿ ಕಣವ್ವ. ಹಳ್ಳ ಬರಲ್ಲ. ಇನ್ನೊಂದ್ ವಾರ ತಡಿ."

"ಒಬ್ಬನಿಗೆ ಆರು ಮುದ್ದೆ ಇಕ್ಕಿ, ಇನ್ನೊಬ್ಬನ್ನ ಉಪವಾಸ ಕೆಡವಿ, ತಲೆಗೆ ಮೂರು ಅನ್ನೋ ಲೆಕ್ಕ ತಾನೇ? ನೋವು ನಿನ್ನ ಸರಾಸರಿ ಕೇಳ್ಕೊಂಡ್ ಬರುತ್ತೇನ್ಲಾ?"

ವನಜ ಸೆರಗು ಅಡ್ಡ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

18 ನವೆಂಬರ್, ಸಂಜೆ

ನಾಲ್ಕಕ್ಕೆ ನೋವು. ನೋವಿನ ಹಿಂದೆಯೇ ಮಳೆ. ನಮ್ಮೂರ ಅಜ್ಮತುಲ್ಲಾನ ಬಾಡಿಗೆ ವ್ಯಾನಿನಲ್ಲಿ ಗಂಡ ಹೆಂಡತಿ ಹೋದರು. ಹತ್ತುವಾಗಲೂ ಇವನದು ಅದೇ —

"ಬೆಳಿಗ್ಗೆ ನೀನೇ ಅಳತೆ ಮಾಡವ್ವ. ಆಗ್ದಿದ್ರೆ ಗೀಟು ಎಳಿ, ಸೊನ್ನೆ ಬರೀಬೇಡ. ಸೊನ್ನೆ ಅಂದ್ರೆ ಮಳೆನೇ ಇಲ್ಲ ಅಂತ. ಗೀಟು ಅಂದ್ರೆ ಗೊತ್ತಿಲ್ಲ ಅಂತ. ಕಲಸಿದ್ರೆ ಸರಾಸರಿ ಕೆಡುತ್ತೆ."

"ಮೊದ್ಲು ಅವಳ ಕೈ ಹಿಡ್ಕೊಳ್ಳೋ!"

ಹಳ್ಳ ದಾಟಿದರೋ ಇಲ್ಲವೋ...

19 ನವೆಂಬರ್, ಒಂಬತ್ತು ಗಂಟೆ

ಅಳೆದೆ. ಅಳತೆ ಗಾಜು ನಾಲ್ಕು ಸಲ ತುಂಬಿತು, ಮೇಲೆ ಅರ್ಧ. ಒಂದೊಂದು ಸಲ ಚೆಲ್ಲಿದಾಗಲೂ ಹಳ್ಳವೇ ಕಣ್ಣ ಮುಂದೆ ಏರಿತು. ಕುಣಿಗಲ್ ಕಡೆಯಿಂದ ಒಂದು ಬಸ್ಸೂ ಇಲ್ಲ.

ಪಕ್ಕದ ಮನೆ ತಿಪ್ಪಮ್ಮ ಬಂದು, "ಸುದ್ದಿನೇ ಇಲ್ವಾ? ಅಯ್ಯೋ ಶಿವನೇ!" ಎಂದು ಆಗಲೇ ಕಣ್ಣೊರೆಸಿಕೊಂಡಳು.

"ಅಳಬೇಡ ಕಣೇ. ಸುದ್ದಿ ಬಂದಿಲ್ಲ ಅಷ್ಟೇ. ಅದು ಸೊನ್ನೆ ಅಲ್ಲ, ಗೀಟು."

ಅವಳಿಗೆ ತಿಳಿಯಲಿಲ್ಲ. ನನಗೆ ತಿಳಿದೂ ಧೈರ್ಯವಿಲ್ಲ.

20 ನವೆಂಬರ್, ಎಂಟೂ ಇಪ್ಪತ್ತು

ಮಳೆ ನಿಂತಿದೆ. ಅಳೆಯಲು ಹೊರಡಬೇಕು. ಸುದ್ದಿ ಇವತ್ತೂ ಗೀಟೇ ಆದರೆ —

ಹಾರ್ನ್. ಅಜ್ಮತುಲ್ಲಾನ ವ್ಯಾನೇ! ರಸ್ತೆಯಿಂದಲೇ ಕೂಗುತ್ತಿದ್ದಾನೆ —

"ಅಜ್ಜೀ, ತಾಯಿ ಮಗು ಚೆನ್ನಾಗವ್ರೆ! ಮಳೆ ಎಷ್ಟಾಯ್ತು ಕೇಳ್ಕೊಂಡ್ ಬಾ ಅಂದವ್ರೆ ನಿಮ್ ಮಗ!"

ಗಂಡೋ ಹೆಣ್ಣೋ ಹೇಳಿ ಕಳಿಸಿಲ್ಲ, ಮಳೆ ಕೇಳಿದ್ದಾನೆ, ಮೂವತ್ತರಿಂದ ಭಾಗಿಸುವವನು! ತಡಿ, ಮಗು ಯಾವುದೆಂದು ನಾನೇ ಹೋಗಿ ಕೇಳಿ ಬರು —