ಇನ್ನೂರ ಹನ್ನೆರಡನೇ ಸಾಲು

೧೪, ಮಂಗಳವಾರ

ಆ ಒಂದು ಸಾಲು ತಲೆಯಿಂದ ಇಳೀತಾನೇ ಇಲ್ಲ.

ಪರಿಶೀಲನೆಗೆ ಹತ್ತು ಸಾಲಿನ ಕೋಡ್ ಬಂದರೆ ನಮ್ಮ ಟೀಮಿನಲ್ಲಿ ಎಲ್ಲರೂ ಮೊಸರಲ್ಲಿ ಕಲ್ಲು ಹುಡುಕ್ತೀವಿ. ಆರುನೂರು ಸಾಲು ಬಂದರೆ ‘ಚೆನ್ನಾಗಿದೆ’ ಅಂತ ಬರೆದು ಕೈ ತೊಳ್ಕೋತೀವಿ. ಇವತ್ತು ಬಂದದ್ದು ಟೀಮಿನ ಮೌನಿಯ ಆರುನೂರು ಸಾಲು. ಬಾಣಂತನದ ರಜೆ ಮುಗಿಸಿ ಬಂದ ಮೇಲೆ ಅವಳ ಮೊದಲ ದೊಡ್ಡ ಕೆಲಸ, ರೋಗಿಗಳಿಗೆ ಮಾತ್ರೆಯ ಹೊತ್ತು ನೆನಪಿಸುವ ನಮ್ಮ ಆ್ಯಪಿಗೆ. ನನಗೆ ಹೊಟ್ಟೆ ಹಸಿದಿತ್ತು. ಮೇಲಿಂದ ಕೆಳಗೆ ಕಣ್ಣಾಡಿಸಿ ‘ಚೆನ್ನಾಗಿದೆ’ ಅಂದೆ, ಕೋಡನ್ನು ಆ್ಯಪಿಗೆ ಸೇರಿಸಿ ಊಟಕ್ಕೆ ಹೋದೆ.

ಸಂಜೆ ಲಿಫ್ಟ್ ಹತ್ತಿರ ಸಿಕ್ಕಳು. “ನೀವು ನೋಡಿದ್ರಲ್ಲ, ಈಗ ಧೈರ್ಯ ಬಂತು” ಅಂದಳು. ವಾರಕ್ಕೆ ಮೂರು ಮಾತಾಡುವವಳು! ನಾನು ದೊಡ್ಡ ಮನುಷ್ಯನ ಹಾಗೆ ತಲೆ ಆಡಿಸಿದೆ.

ಮನೆಗೆ ಬಂದು ಯಾಕೋ ಅವಳ ಕೋಡ್ ಮತ್ತೆ ತೆರೆದು ನೋಡಿದರೆ, ಇನ್ನೂರ ಹನ್ನೆರಡನೇ ಸಾಲಿನ ಪಕ್ಕ ಅವಳ ಟಿಪ್ಪಣಿ: ‘ಒಂದು ಮಾತ್ರೆ ತಡವಾದರೆ ಮುಂದಿನದನ್ನೂ ಮುಂದೂಡಿದ್ದೇನೆ. ಸರಿಯೋ ತಪ್ಪೋ ಗೊತ್ತಾಗ್ತಿಲ್ಲ. ನೀವೇ ನೋಡಿ ಹೇಳಿ.’

ಮಧ್ಯಾಹ್ನ ಇದನ್ನು ನಾನು ನೋಡಿಯೇ ಇರಲಿಲ್ಲ. ಆ್ಯಪಿಗೆಂದು ವೈದ್ಯರು ಕೊಟ್ಟ ಮಾತ್ರೆಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಎರಡು ಗಂಟೆ ಪರೀಕ್ಷಿಸಿದೆ. “ಏನ್ರೀ, ಲೈಟ್ ಆರಿಸ್ತೀರೋ ಇಲ್ವೋ?” ಅಂತ ಇವಳು ಎರಡು ಸಲ ಗೊಣಗಿದಳು.

ಸಾಲು ಸರಿಯಾಗಿಯೇ ಇದೆ.

ಈಗ ನಿದ್ದೆ ಬರಬೇಕಿತ್ತಲ್ಲ? ತಪ್ಪಿದ್ದಿದ್ದರೆ ನಾಳೆ ಅವಳೆದುರು ಒಪ್ಪಿಕೊಳ್ಳಲೇಬೇಕಿತ್ತು. ಸರಿಯಿದೆ, ಹಾಗಾಗಿ ಬಾಯಿ ಮುಚ್ಚಿಕೊಂಡಿರಬಹುದು. ಇರ್ತೀನಿ ಕೂಡ, ನನ್ನ ಬುದ್ಧಿ ನನಗೆ ಗೊತ್ತಿಲ್ವೇ? ಅವಳು ಇನ್ನೂ ಆರುನೂರು ಸಾಲು ಕಳಿಸ್ತಾಳೆ, ಧೈರ್ಯವಾಗಿ, ನಾನು ನೋಡ್ತೀನಿ ಅಂತ ನಂಬಿ.