ಉಸಿರು ಹಿಡಿಯುವ ಮೈಕು

ಸಿದ್ದಾಪುರ

ಅಸ್ಲಮ ಭಾಯಿಗೆ ಸಲಾಮ್.

ನನ್ನ ಸಿನಿಮಾದ ಮಾತುಗಳನ್ನು ಅಗ್ಗದ ಕಾಲರ್ ಮೈಕಿನಲ್ಲೇ ತೆಗೆದಿದ್ದೆ. ಅಜ್ಜಿ ಪಾತ್ರದ ಗುರುಲಿಂಗಮ್ಮನವರ ದನಿಯ ತುಂಬ ರೈಸ್ ಮಿಲ್ಲಿನ ಸದ್ದು. ಡಬ್ಬಿಂಗ್ ಮಾಡಿಸೋಣ ಎನ್ನುವಷ್ಟರಲ್ಲಿ ಗಂಟಲಿನ ಆಪರೇಷನ್ ಆಗಿ ಅವರ ದನಿಯೇ ಹೋಯಿತು.

"ನಮ್ಮ ದೊಡ್ಡ ಮೈಕ್ ಉಸಿರನ್ನೂ ಹಿಡಿತೈತ್ರಿ" ಎಂದು ನೀವು ಫೋನಿನಲ್ಲಿ ಹೇಳಿದ್ದನ್ನು ಅವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದರು. ಅದನ್ನೇ ನಂಬಿ ನಿನ್ನೆ ಸೊಸೆಯ ಜೊತೆ ಬಂದರು. ಮೈಕಿನ ಮುಂದೆ ಎಲ್ಲ ಮಾತನ್ನೂ ಬರೀ ತುಟಿಯಲ್ಲಿ ಆಡಿದರು. ಬಳೆ ಸದ್ದು ಬಂದಿದೆ, ಉಸಿರೂ ಸ್ಪಷ್ಟವಾಗಿ ಬಂದಿದೆ. ಬೇರೇನೂ ಇಲ್ಲ.

ಈ ಚೀಟಿಯ ಜೊತೆಗೇ ನಿಮ್ಮಿಂದ ಬಾಡಿಗೆಗೆ ತರಿಸಿದ್ದ ಮೈಕನ್ನು ಗಂಗಾವತಿ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೇನೆ. ಸೊಸೆ ನಿಮಗೆ ಫೋನ್ ಮಾಡಿ ವಿಚಾರಿಸಬಹುದು. ದಯವಿಟ್ಟು, ಮೈಕೇ ಕೆಟ್ಟಿತ್ತು ಎಂದು ಹೇಳಿ.

ಇಂತಿ,
ಶರಣಕುಮಾರ