ಬ್ಯಾಟರಿ ಬಂದೂಕು ಯಾರಿಗೆ?

ಜನ್ನಾಪುರ, ಭದ್ರಾವತಿ
24-10-2005

ರಶ್ಮಿ ಅಪ್ಪಾಜಿಗೆ ಉಮಾ ಮಾಡುವ ನಮಸ್ಕಾರಗಳು.

ನಿಮ್ಮ ಬೆನ್ನುನೋವು ಈಗ ಹೇಗಿದೆ? ದಿನವಿಡೀ ಕ್ರೇನಿನ ಗೂಡಿನಲ್ಲಿ ಕೂತರೆ ನೋಯದೆ ಇನ್ನೇನಾಗುತ್ತದೆ. ಬೇಸಿಗೆಯಲ್ಲಿ ರಜೆ ಮುಗಿಸಿ ಹೊರಡುವಾಗ ನಾನು ಕೊಟ್ಟು ಕಳಿಸಿದ ಎಣ್ಣೆ ಹಚ್ಚುತ್ತಿದ್ದೀರೋ, ಪೆಟ್ಟಿಗೆಯಲ್ಲೇ ಮಲಗಿಸಿದ್ದೀರೋ? ಮಸ್ಕತ್ತಿನಲ್ಲಿ ಈಗ ರಂಜಾನ್ ತಿಂಗಳು, ಹಗಲು ಹೋಟೆಲುಗಳೆಲ್ಲ ಬಾಗಿಲು ಹಾಕಿರುತ್ತವಂತೆ. ಊಟಕ್ಕೆ ಏನು ಮಾಡಿಕೊಳ್ಳುತ್ತೀರಿ, ಬರೆಯಿರಿ. ಇಲ್ಲಿ ಮಾವನವರ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಹಬ್ಬದ ಹೋಳಿಗೆಯನ್ನು ಅತ್ತೆಯ ಕಣ್ಣು ತಪ್ಪಿಸಿ ತಿಂದು, ನನ್ನ ಕಡೆ ನೋಡಿ ನಕ್ಕರು. ನನಗೆ ಐದು ತಿಂಗಳು ತುಂಬಿತು. ವಾಂತಿ ನಿಂತಿದೆ, ಈಗ ಬರೀ ಹಸಿವು. ಚಿಂತೆ ಮಾಡಬೇಡಿ.

ಮಾಚೇನಹಳ್ಳಿಯ ಓಂಕಾರಪ್ಪ ರಜೆಗೆ ಬಂದವರು ನೀವು ಕಳಿಸಿದ ಪಾರ್ಸಲ್ ಹೋದ ತಿಂಗಳ ಕೊನೆಗೆ ತಂದುಕೊಟ್ಟರು. ಬಿಚ್ಚಿದರೆ ನೀಲಿ ಕಿತ್ತಳೆ ಬಣ್ಣದ, ನನ್ನ ತೋಳುದ್ದದ ಬಂದೂಕು! ನಿಜ ಹೇಳುತ್ತೇನೆ, ಮೊದಲು ಏನೂ ತೋಚಲಿಲ್ಲ. ಹೆಸರಿಲ್ಲ, ಚೀಟಿಯಿಲ್ಲ. ಓಂಕಾರಪ್ಪನವರನ್ನು ಕೇಳಿದರೆ, ನಿಮ್ಮ ಯಜಮಾನರು ಜ್ಞಾನೇಶ್ ಕೊಟ್ಟರು, ನಾನು ತಂದುಕೊಟ್ಟೆ ಎಂದು ಕಾಫಿ ಕುಡಿದು ಹೋದರು. ನೀವೂ ಫೋನಿನಲ್ಲಿ "ಮನೆಗೊಂದು ಆಟದ ಸಾಮಾನು ಕಳಿಸಿದೀನಿ" ಎಂದಿರೇ ಹೊರತು ಯಾರಿಗೆ ಅನ್ನಲಿಲ್ಲ. ಆಗ ನಾನೂ ಕೇಳಲಿಲ್ಲ. ಮನೆಯಲ್ಲಿ ಮಗು ಅಂತ ಇರುವುದು ರಶ್ಮಿ ಒಬ್ಬಳೇ ಅಲ್ಲವೇ?

ಪೆನ್ಸಿಲ್ ಸೆಲ್ಲು ಹಾಕಿ, ಹಿಡಿಯ ಕೆಳಗಿನ ಸ್ವಿಚ್ ಒತ್ತಿದರೆ ಒಳಗೆ ಮಿಕ್ಸಿ ತಿರುಗಿದ ಹಾಗೆ ಗುರ್ರ್ ಎನ್ನುತ್ತದೆ. ನಾನು ಕೆಟ್ಟುಹೋಯಿತೆಂದು ಕೆಳಗಿಟ್ಟುಬಿಟ್ಟೆ. ರಶ್ಮಿಯೇ ಡಬ್ಬಿಯ ಮೇಲಿನ ಚಿತ್ರ ನೋಡಿ, ಗುರ್ರ್ ಎನ್ನುವಾಗಲೇ ಬೆರಳಿನಿಂದ ಬಂದೂಕಿನ ಕುದುರೆ ಎಳೆಯಬೇಕು ಎಂದು ಕಂಡುಹಿಡಿದಳು. ಎಳೆದಳು ನೋಡಿ, ಸ್ಪಂಜಿನ ಬಾಣ ಹಾರಿ ಅತ್ತೆ ಧಾರಾವಾಹಿ ನೋಡುತ್ತಿದ್ದ ಟೀವಿಯ ಗಾಜಿಗೆ ಅಂಟಿಕೊಂಡು ನಿಂತಿತು. ಬಾಣದ ತುದಿಗೆ ಮೆತ್ತನೆಯ ರಬ್ಬರಿನ ಬಟ್ಟಲು ಇದೆ, ಅದಕ್ಕೇ ಅಂಟುತ್ತದೆ. ಬಾಣ ತುಂಬುವ ಡ್ರಮ್ಮು ತಾನೇ ತಿರುಗುತ್ತದೆ, ಕುದುರೆ ಎಳೆದಂತೆಲ್ಲ ಒಂದರ ಹಿಂದೆ ಒಂದು ಹೊರಡುತ್ತವೆ. ಮಾವನವರಿಗೆ ತಡೆಯಲಾಗಲಿಲ್ಲ. ಸ್ಕ್ರೂ ಬಿಚ್ಚಿ ನೋಡಿಯೇಬಿಟ್ಟರು. ಒಳಗೆ ಎದುರುಬದುರಾಗಿ ತಿರುಗುವ ಎರಡು ಚಕ್ರ, ನಡುವೆ ಸಿಕ್ಕ ಬಾಣವನ್ನು ಒತ್ತಿ ಮುಂದಕ್ಕೆ ಎಸೆಯುತ್ತವೆ. ನಮ್ಮ ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್ಲೇ ಇದು ಎಂದು ಬೀದಿಯವರಿಗೆಲ್ಲ ತೋರಿಸಿಕೊಂಡು ಬಂದರು. ಅಜ್ಜ ಮೊಮ್ಮಗಳು ಇಬ್ಬರೂ ಹಿತ್ತಲ ಗೋಡೆಯ ಮೇಲೆ ಬೆಂಕಿಪೊಟ್ಟಣ ಜೋಡಿಸಿ ಹೊಡೆಯುವುದೇ ಕೆಲಸವಾಯಿತು. ರಶ್ಮಿಯ ಗುರಿ ಚೆನ್ನಾಗಿದೆ. ಅಜ್ಜನ ಬಾಣ ಪಕ್ಕದ ಮನೆ ಕಾಶಮ್ಮನವರು ಒಣಹಾಕಿದ ಹಪ್ಪಳಕ್ಕೆ ಬಿತ್ತು.

ಇಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಆಯುಧಪೂಜೆ ಬಂತು. ಆಯನೂರಿನ ನಮ್ಮ ತವರಿನಲ್ಲಾದರೆ ಪೂಜೆ ಮುಗಿಸಿ, ಮಂಡಕ್ಕಿ ಹಂಚಿ ಎದ್ದುಬಿಡುತ್ತೇವೆ. ನಿಮ್ಮ ಮನೆಯ ಪದ್ಧತಿಯೇ ಬೇರೆ. ಪೂಜೆಗಿಟ್ಟ ಸಾಮಾನನ್ನು ರಾತ್ರಿ ಯಾರೂ ಮುಟ್ಟಬಾರದು. ವಿಜಯದಶಮಿ ಬೆಳಿಗ್ಗೆ ಮಾವನವರು ಒಂದೊಂದನ್ನೂ ಎತ್ತಿ "ಇದು ಯಾರದ್ದು?" ಎಂದು ಕೇಳಿ, ಅವರವರ ಕೈಗೆ ಕೊಡಬೇಕು. ಸಾಮಾನಿನ ಯಜಮಾನ ಊರಿನಲ್ಲಿಲ್ಲದಿದ್ದರೆ ಅದು ದೇವರ ಮುಂದೆಯೇ ಉಳಿಯಬೇಕು. ನಿಮ್ಮ ಸ್ಕೂಟರಿನ ಕೀಲಿಕೈ ಹೋದ ವರ್ಷವೂ ಹಾಗೆಯೇ ಉಳಿಯಿತು. ಈ ಸಲ ರಶ್ಮಿ ತಾನೇ ಬಂದೂಕಿಗೆ ವಿಭೂತಿ ಹಚ್ಚಿ, ಸೇವಂತಿಗೆ ಸಿಕ್ಕಿಸಿ, ಮಾವನವರ ಸ್ಪ್ಯಾನರುಗಳ ಪಕ್ಕ ಇಟ್ಟಿದ್ದಳು.

ಬೆಳಿಗ್ಗೆ ಅತ್ತೆಗೆ ಈಳಿಗೆಮಣೆ ಬಂತು, ನನಗೆ ಹೊಲಿಗೆ ಕತ್ತರಿ, ರಶ್ಮಿಗೆ ಕಂಪಾಸ್ ಬಾಕ್ಸು. ಮಾವನವರು ಬಂದೂಕು ಎತ್ತಿ "ಇದು ಯಾರದ್ದು?" ಅಂದರು. ರಶ್ಮಿ ಎರಡೂ ಕೈ ಚಾಚಿದಳು. ಅತ್ತೆ ಅವಳ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, "ಅದು ಬರೋನದ್ದು ಕಣೇ. ಸುದ್ದಿ ಗೊತ್ತಾದ್ಮೇಲೆ ತಾನೆ ನಿಮ್ಮಪ್ಪ ಕಳಿಸಿರೋದು? ಹೆಣ್ಮಗೂಗೆ ಯಾರಾದ್ರೂ ಬಂದೂಕು ಕಳಿಸ್ತಾರಾ?" ಎಂದರು. ಮಾವನವರು ನನ್ನ ಮುಖ ನೋಡಿದರು. ನಾನು ಕತ್ತರಿ ಹಿಡಿದು ನಿಂತಿದ್ದೆ. ಅವರು ಬಂದೂಕನ್ನು ನಿಮ್ಮ ಕೀಲಿಕೈ ಪಕ್ಕದಲ್ಲಿ ವಾಪಸ್ಸು ಇಟ್ಟುಬಿಟ್ಟರು. ಅಂದಿನಿಂದ ಅಲ್ಲೇ ಇದೆ. ಅತ್ತೆ ದಿನಾ ಅದಕ್ಕೂ ಊದುಬತ್ತಿ ತೋರಿಸುತ್ತಾರೆ. ಇನ್ನೂ ಹುಟ್ಟದವನಿಗೆ ಆಸ್ತಿ ಬೇರೆ!

ಅತ್ತೆ ಕೆಟ್ಟವರಲ್ಲ, ರಶ್ಮಿಗೆ ಜ್ವರ ಬಂದರೆ ಎದೆಯ ಮೇಲೇ ಮಲಗಿಸಿಕೊಳ್ಳುತ್ತಾರೆ. ಆದರೆ ಆ ಮಾತು ನನ್ನ ತಲೆಯಲ್ಲಿ ಹೊಕ್ಕು ಕೂತಿದೆ. ನಿಮಗೆ ಜುಲೈನಲ್ಲಿ ಸುದ್ದಿ ತಿಳಿಸಿದೆ, ಸೆಪ್ಟೆಂಬರಿನಲ್ಲಿ ಬಂದೂಕು ಬಂತು. ಡಬ್ಬಿಯ ಮೇಲಿರುವ ಚಿತ್ರ ಗಂಡುಹುಡುಗನದು. ಅದರ ಪಕ್ಕದಲ್ಲೇ ಎಂಟು ವರ್ಷ ಮೇಲ್ಪಟ್ಟವರಿಗೆ ಎಂದೂ ಬರೆದಿದೆ, ರಶ್ಮಿಗೆ ಈಗ ಎಂಟೇ. ಅದನ್ನು ಓದಿದಾಗ ಧೈರ್ಯ ಬರುತ್ತದೆ. ಆಮೇಲೆ, ನೀವು ಯಾವತ್ತು ಡಬ್ಬಿ ಓದಿ ಸಾಮಾನು ತಂದಿದ್ದೀರಿ ಎಂದು ನೆನಪಾಗಿ ಧೈರ್ಯ ಹೋಗುತ್ತದೆ. ಒಂದು ಹೊತ್ತು ನಿಮ್ಮ ಮೇಲೆ ಸಿಟ್ಟು, ಇನ್ನೊಂದು ಹೊತ್ತು ನನ್ನ ಮೇಲೇ ನಗು. ಫೋನಿನಲ್ಲಿ ಕೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ.

ರಶ್ಮಿ ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ನಿನ್ನೆ ಜಡೆ ಹಾಕಿಸಿಕೊಳ್ಳುತ್ತಾ ಕೇಳಿದಳು: "ಅಮ್ಮಾ, ಹುಟ್ಟೋದೂ ಹುಡುಗಿ ಆದ್ರೆ ಅದು ಯಾರಿಗೆ?" ಬಾಚಣಿಗೆ ಸಿಕ್ಕಿಕೊಂಡಿದೆ, ಅಲ್ಲಾಡಬೇಡ ಎಂದೆ.

ಅತ್ತೆ ಮಾವ ಇಬ್ಬರೂ ಆಶೀರ್ವಾದ ತಿಳಿಸಿದ್ದಾರೆ. ನಿಮ್ಮ ರೂಮಿನವರಿಗೆಲ್ಲ ನನ್ನ ನಮಸ್ಕಾರ ಹೇಳಿ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ.

ಇತಿ ನಿಮ್ಮ
ಉಮಾಮಹೇಶ್ವರಿ

ಮರೆತೆ: ಟಪಾಲು ಹೋಗುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬಂದೂಕು ರಶ್ಮಿಯದು ಎಂದು ಮಾವನವರ ಹೆಸರಿಗೆ ಒಂದು ಕಾಗದ ಹಾಕಿ. ಅವರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ, ಅಷ್ಟು ಸಾಕು. ನಿಜವಾಗಿಯೂ ಬರುವವನಿಗೆಂದೇ ಕೊಂಡಿದ್ದರೂ ಹಾಗೆಯೇ ಬರೆಯಿರಿ. ನಿಜವನ್ನು ನನಗೊಬ್ಬಳಿಗೆ ಬೇರೆ ಕಾಗದದಲ್ಲಿ ತಿಳಿಸಿ. ನಾನು ತಡೆದುಕೊಳ್ಳುತ್ತೇನೆ, ಅವಳ ಕೈಲಿ ಆಗುವುದಿಲ್ಲ.